ಗಾಳಿ ಮಳೆಗೆ ಮುನ್ನ ಕುದುರೆಯ ಚಿಂತೆ



ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಕುದುರೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಬಳ್ಳಾರಿಯಂಥ ಊರುಗಳಲ್ಲಿ ಜಟಕಾ ಬಂಡಿಯ ಕಾಲ ಬಹುಮಟ್ಟಿಗೆ ಮುಗಿದು ಆಟೋಗಳು ಬಂದಿರುವುದು ನಿಜ. ಆದರೆ ಬಯಲುಸೀಮೆಯ ಕುರಿಗಾಹಿಗಳು ಮಂದೆಯೊಡನೆ ವಲಸೆ ಹೊರಟಾಗ ಗುಡಾರ, ಪಾತ್ರೆ-ಪಡಗ, ನಡೆಯಲಾರದ ಮರಿಗಳನ್ನು ಹೊರಲು ಇಂದಿಗೂ ಕುದುರೆ, ತಟ್ಟು, ಕತ್ತೆಗಳೇ ಬೇಕು. ಗೊಬ್ಬರದ ಆಸೆಗೆ ಆ ಮಂದೆಯನ್ನು ಜಮೀನಿನಲ್ಲಿ ನಿಲ್ಲಿಸಿಕೊಳ್ಳುವ ರೈತರು ನಮ್ಮಲ್ಲೂ ಇದ್ದಾರೆ. ಲಾಭದಲ್ಲಿ ಪಾಲು ಇದ್ದ ಮೇಲೆ ಹೊಣೆಯಲ್ಲಿಯೂ ಪಾಲು ಇರಬೇಕಲ್ಲವೇ?

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಎರಡು ಬಗೆಯ ಅಪಾಯವುಂಟು. ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ತಿಂಗಳ ಬಿರುಗಾಳಿ, ಸಿಡಿಲು ಒಂದು. ನದಿಯ ನೆರೆ ಇನ್ನೊಂದು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಗೆ ತುಂಗಭದ್ರೆ, ಹಗರಿ ಉಕ್ಕಿ ಸಿರುಗುಪ್ಪ ಸೀಮೆ ಪಟ್ಟ ಪಾಡನ್ನು ಅಲ್ಲಿಯವರು ಮರೆತಿಲ್ಲ. ಗಾಳಿಗೆ ಆಸರೆ ಬೇಕು, ನೆರೆಗೆ ಎತ್ತರ ಬೇಕು. ಎರಡಕ್ಕೂ ಜಾಗವನ್ನು ಬಿಸಿಲಿರುವಾಗಲೇ ಗೊತ್ತುಮಾಡಿಕೊಳ್ಳಬೇಕೆಂಬುದೇ ನಮ್ಮ ಅಭಿಪ್ರಾಯ.

ಮೋಡ ಕವಿದೊಡನೆ ಕುದುರೆಯನ್ನು ಹುಣಸೆಯದೋ ಬೇವಿನದೋ ಮರಕ್ಕೆ ಕಟ್ಟುವ ರೂಢಿ ಬಿಡಬೇಕು. ಸಿಡಿಲು ಮರಕ್ಕೆ ಬಡಿದರೆ ವಿದ್ಯುತ್ತು ನೆಲದಲ್ಲಿ ಹರಡುತ್ತದೆ. ನಾಲ್ಕು ಕಾಲಿನ ಪ್ರಾಣಿಯ ಮುಂಗಾಲು ಹಿಂಗಾಲುಗಳ ಅಂತರ ಹೆಚ್ಚಾದುದರಿಂದ ಅದು ದೇಹದ ಮೂಲಕ ಹಾಯುವ ಅಪಾಯವೂ ಹೆಚ್ಚು. ಗಟ್ಟಿ ಕಟ್ಟಡವಿದ್ದರೆ ಒಳಗೆ ಕಟ್ಟಿರಿ. ಸಡಿಲ ತಗಡಿನ ಚಪ್ಪರವಾದರೆ ಮೊಳೆ, ಕೊಕ್ಕೆಗಳನ್ನು ಈಗಲೇ ಬಿಗಿಗೊಳಿಸಿರಿ. ಹಾರಿದ ತಗಡು ಕತ್ತಿಯಂತೆಯೇ ಸರಿ. ಕುರುಗೋಡಿನ ದೊಡ್ಡಬಸವೇಶ್ವರನಿಗೆ ಕಲ್ಲಿನ ಗುಡಿ ಉಂಟು. ಮನೆಗೆ ದುಡಿಯುವ ಜೀವಕ್ಕೆ ನಾಲ್ಕು ಗಟ್ಟಿ ಕಂಬಗಳಾದರೂ ಬೇಡವೇ?

ಹಗ್ಗಕ್ಕೆ ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು ಇರಲಿ. ನೀರು ಏರುತ್ತಿದ್ದು ಸಾಗಿಸಲು ದಾರಿಯಿಲ್ಲದಾಗ ಕಟ್ಟು ಬಿಚ್ಚಿಬಿಡಿ. ಗೂಟಕ್ಕೆ ಕಟ್ಟಿದ ಪ್ರಾಣಿಗೆ ಈಜಲೂ ಅವಕಾಶವಿಲ್ಲ. ದೊಡ್ಡ ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು. ಎರಡು ದಿನಕ್ಕಾಗುವಷ್ಟು ನೀರು, ಒಣ ಮೇವು ಕೂಡಿಡಿ. ನೆನೆದು ಬೂಷ್ಟು ಹಿಡಿದ ಹುಲ್ಲು ಹಾಕಿದರೆ ಹೊಟ್ಟೆನೋವು ಕಟ್ಟಿಟ್ಟದ್ದು. ಮಳೆ ನಿಂತ ಮೇಲೆ ತುಂಡಾದ ವಿದ್ಯುತ್ ತಂತಿ ನೋಡದೆ ಹೊರಗೆ ಬಿಡಬೇಡಿ. ಮೊಳೆ, ತಗಡಿನ ಗಾಯವನ್ನು ಸಣ್ಣದೆಂದು ಉಪೇಕ್ಷಿಸಬಾರದು. ಧನುರ್ವಾಯು ಕುದುರೆಗೆ ಬಹು ಬೇಗ ತಗಲುವ ರೋಗ. ಚುಚ್ಚುಮದ್ದನ್ನು ಮೊದಲೇ ಹಾಕಿಸಿಡುವುದು ಜಾಣತನ.

ಸತ್ತರೆ ಸರ್ಕಾರದ ಪರಿಹಾರವಿದೆಯಲ್ಲ ಎನ್ನುವವರುಂಟು. ವಿಪತ್ತು ಪರಿಹಾರ ನಿಧಿಯ 2022-26ರ ನಿಯಮದಲ್ಲಿ ಕುದುರೆ ಅಥವಾ ಎತ್ತಿಗೆ 32,000 ರೂಪಾಯಿ, ತಟ್ಟು, ಕತ್ತೆಗೆ 20,000 ರೂಪಾಯಿ ಗೊತ್ತುಪಡಿಸಲಾಗಿತ್ತು. ಆದರೆ ಪ್ರಾಣಿ ಇತ್ತು, ಇಂಥ ವಿಪತ್ತಿನಲ್ಲೇ ಸತ್ತಿತು ಎಂಬುದಕ್ಕೆ ಆಧಾರ ಬೇಕು. ಊರಿಂದೂರಿಗೆ ಅಲೆಯುವ ಕುರಿಗಾಹಿ ಪರಸ್ಥಳದಲ್ಲಿ ಪಂಚನಾಮೆ, ಪಶುವೈದ್ಯರ ಪತ್ರ ಎಂದು ಯಾರ ಬಾಗಿಲು ತಟ್ಟಬೇಕು? ಇಲ್ಲಿಯೇ ಸಹಕಾರಿಗಳ ಕೆಲಸವಿದೆ. ಸದಸ್ಯರ ಪ್ರಾಣಿಗಳನ್ನೂ, ಅವರ ಜಮೀನಿನಲ್ಲಿ ತಂಗಿರುವ ಮಂದೆಯ ಪ್ರಾಣಿಗಳನ್ನೂ ಭಾವಚಿತ್ರ ಸಹಿತ ಸಂಘದ ಪುಸ್ತಕದಲ್ಲಿ ಬರೆದಿಡಲಿ. ಸಂಘದ ಗೋದಾಮಿನ ಒಂದು ಮೂಲೆಯನ್ನು ಬಿರುಗಾಳಿಯ ರಾತ್ರಿಗೆ ತೆರೆದಿಡಲಿ. ಇದಕ್ಕೆ ಹೆಚ್ಚು ಹಣ ಬೇಡ, ಒಂದು ಠರಾವು ಸಾಕು.

ಬೆಳೆ ಹೋದರೆ ಮರುವರ್ಷ ಬಂದೀತು. ಬಡವನ ಕುದುರೆ ಹೋದರೆ ಅವನ ನಡಿಗೆಯೇ ನಿಂತುಹೋಗುತ್ತದೆ. ಮುಂದಿನ ಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಎತ್ತಬೇಕೆಂದು ವಿನಂತಿ.