ಔಷಧ ಕಪಾಟಿನಿಂದ: ಹಳೆ ಸೆನ್ಸರಿಗೆ ಹೊಸ ದಾರಿ

ನಾವು ಔಷಧಾಲಯದವರು ದಿನವೂ ತೊಡುವ ಕೈಗವಸಿನ ಪೆಟ್ಟಿಗೆ ತಿರುಗಿಸಿದರೆ ಹೆಚ್ಚಾಗಿ ಕಾಣುವ ಹೆಸರು ಮಲೇಷಿಯಾ. ಜಗತ್ತಿನಲ್ಲೇ ಅತಿ ಹೆಚ್ಚು ರಬ್ಬರ್ ಕೈಗವಸು ತಯಾರಾಗುವುದು ಅಲ್ಲಿ. ಲ್ಯಾಟೆಕ್ಸ್ ತೊಟ್ಟಿಗೂ ಒಣಗಿಸುವ ಒಲೆಗೂ ಉಷ್ಣತೆಯ ಲೆಕ್ಕ ಬೇಕೇ ಬೇಕು. ಇಂಥ ಕಾರ್ಖಾನೆಗಳ ಹಳೆಯ ಸೆನ್ಸರುಗಳ ಭಾಷೆ ತಂತಿಯಲ್ಲಿ ಹರಿಯುವ 4ರಿಂದ 20 ಮಿಲಿಆಂಪಿಯರ್. ಸೊನ್ನೆ ಬಿಟ್ಟು 4 ಯಾಕೆ? ತಂತಿ ಕಡಿದರೆ ಸೊನ್ನೆ ಬರುತ್ತದೆ, ಕೆಟ್ಟದ್ದು ಕೂಡಲೇ ತಿಳಿಯುತ್ತದೆ. ಹಳಬರ ಈ ಜಾಣತನ ನಮಗೆ ಬಲು ಇಷ್ಟ.

ಅವನ್ನು ಕಿತ್ತೆಸೆಯಬೇಕಿಲ್ಲ. ತುದಿಗೊಂದು ಪುಟ್ಟ ಪರಿವರ್ತಕ ಕೂರಿಸಿದರೆ ಲೋರಾವ್ಯಾನ್ ಮೂಲಕ ಅಂಕಿ ಕಿಲೋಮೀಟರ್ ದೂರದ ಗೇಟ್‌ವೇ ತಲುಪುತ್ತದೆ. ಕೊಳ್ಳುವಾಗ ಹುಷಾರು: ಮಲೇಷಿಯಾದ್ದು 920 ಮೆಗಾಹರ್ಟ್ಜ್ ಆಸುಪಾಸು, ಭಾರತದ್ದು 865. ಅಗ್ಗವೆಂದು ಅಲ್ಲಿಂದ ತರಿಸಿದ್ದು ಊರಿಗಾಗದು.

ನಮಗೆ ಇದರ ಚಿಂತೆ ಲಸಿಕೆ ಫ್ರಿಜ್ಜಿನಿಂದ. ಅಲ್ಲಿ 2ರಿಂದ 8 ಡಿಗ್ರಿ ಇರಬೇಕು. ಹೆಪಟೈಟಿಸ್ ಬಿ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಕೆಲಸಕ್ಕೆ ಬಾರದು, ಬಾಟಲಿ ನೋಡಿದರೆ ಸುಲಭಕ್ಕೆ ತಿಳಿಯದು. ಲೋರಾ ಸಂದೇಶವೋ, ಬ್ಯಾಟರಿ ಉಳಿಸಲೆಂದು ಹಲವು ನಿಮಿಷಕ್ಕೊಮ್ಮೆ ಹೊರಡುವುದು. ದಾರಿಯಲ್ಲಿ ಕಳೆದೂ ಹೋಗಬಹುದು. ಮೆಂಟೆನೆನ್ಸ್ ಅಣ್ಣಂದಿರೇ, ಪರಿವರ್ತಕ ಸೊನ್ನೆಯನ್ನೂ 4ನ್ನೂ ಬೇರೆಬೇರೆಯಾಗಿಯೇ ಕಳಿಸುತ್ತದೋ ನೋಡಿ. ಫ್ರಿಜ್ ಮೇಲೆ ಕಿರುಚುವ ಹಳೆ ಅಲಾರಮ್ಮನ್ನು ಮಾತ್ರ ಬಿಚ್ಚಬೇಡಿ.