ಅರಮನೆಯ ಕಥೆ ಸಾಕು, ಕೊಳಗದ ಕಥೆ ಬರೆಯೋಣ



ಕುಂಸಿ ಸುತ್ತಮುತ್ತಲ ಹುಡುಗ ಹುಡುಗಿಯರು ಬರೆದು ನಮಗೆ ಕೊಡುವ ಕಥೆಗಳಲ್ಲಿ ಹೆಚ್ಚಿನವು ರಾಜಕುಮಾರನವು, ಮಂತ್ರದ ಕತ್ತಿಯವು, ಗಿಣಿಯೊಳಗೆ ಜೀವ ಇಟ್ಟ ರಾಕ್ಷಸನವು. ಬರೆದವರು ಕೂಲಿಯವರ ಮಕ್ಕಳು. ಕಥೆಯೊಳಗೆ ಮಾತ್ರ ಒಬ್ಬ ಕೂಲಿಯವನೂ ಇಲ್ಲ. ಇದು ಆ ಮಕ್ಕಳ ತಪ್ಪಲ್ಲ. ಅವರ ಕೈಗೆ ನಾವು ಓದಲು ಕೊಟ್ಟದ್ದೇ ಅದು.

ಬೇತಾಳನ ಕಥೆಗಳನ್ನೇ ನೋಡಿ. ಎಷ್ಟೋ ತಲೆಮಾರು 'ಚಂದಮಾಮ'ದಲ್ಲಿ ಓದಿ ಬೆಳೆಯಿತು. ವಿಕ್ರಮ ರಾಜ ನಡುರಾತ್ರಿ ಸ್ಮಶಾನಕ್ಕೆ ಹೋಗ್ತಾನೆ, ಮರದಿಂದ ಹೆಣ ಇಳಿಸಿ ಹೆಗಲಿಗೆ ಹಾಕ್ಕೊಳ್ತಾನೆ. ಅದು ಶೌರ್ಯ! ನಮ್ಮ ಕೇರಿಯವರು ತಲೆತಲಾಂತರದಿಂದ ಊರ ಹೆಣಗಳಿಗೆ ಗುಂಡಿ ತೋಡಿದರು, ಸೌದೆ ಹೊತ್ತರು. ಅದು ಮೈಲಿಗೆ! ರಾಜ ಹೊತ್ತರೆ ಕಥೆ, ನಾವು ಹೊತ್ತರೆ ಬಿಟ್ಟಿ ಚಾಕರಿ. ಅಷ್ಟೊಂದು ಪ್ರಶ್ನೆ ಕೇಳಿದ ಬೇತಾಳ ಇದೊಂದನ್ನು ಯಾಕೆ ಕೇಳಲಿಲ್ಲ? 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದ ಬಿ. ಬಸವಲಿಂಗಪ್ಪನವರು ಆ ಗದ್ದಲದಲ್ಲಿ ಮಂತ್ರಿಗಿರಿಯನ್ನೇ ಕಳೆದುಕೊಂಡರು. ಕೇಳಿದವರಿಗೆ ಈ ನಾಡು ಕೊಟ್ಟ ಉತ್ತರ ಅದು.

ಹಾಗಂತ ಅದ್ಭುತವನ್ನೇ ಸುಟ್ಟುಹಾಕಿ ಅಂತ ನಾವು ಹೇಳ್ತಿಲ್ಲ. ನಮ್ಮಜ್ಜಿಯರು ಹೇಳಿದ ಚೌಡಿ, ಭೂತ ನಮ್ಮವೇ. ದೇವನೂರ ಮಹಾದೇವ 'ಕುಸುಮಬಾಲೆ'ಯಲ್ಲಿ (1984) ದೀಪದ ಜೋತಮ್ಮಗಳನ್ನು ಒಟ್ಟಿಗೆ ಕೂರಿಸಿ ಮಾತಾಡಿಸಿದರು. ಆದರೆ ಅದೇ ಕಥೆಯಲ್ಲಿ ಮೇಲುಜಾತಿಯ ಹೆಣ್ಣನ್ನು ಪ್ರೀತಿಸಿದ ಚೆನ್ನನ ಕೊಲೆಯೂ ಇದೆ. ಅಲ್ಲಿ ಅದ್ಭುತ ಕೊಲೆಯನ್ನು ಮುಚ್ಚುವುದಿಲ್ಲ. ಇದೇ ನಮ್ಮ ಅಳತೆಗೋಲು.

ಇನ್ನೊಂದು ಕಡೆ ಇನ್ನೊಂದು ಬೇಲಿ. "ನಿಮ್ಮ ನೋವು ಬರೀರಿ, ಆತ್ಮಕಥೆ ಬರೀರಿ, ನಿಮಗೆ ಅದೇ ಚೆಂದ" ಅಂತ ಬೆನ್ನು ತಟ್ಟುವ ಪಂಡಿತರಿದ್ದಾರೆ. ಅಂದರೆ ಕಲ್ಪನೆ ಅವರಿಗೆ, ಗಾಯ ನಮಗೆ! ಆತ್ಮಕಥೆ ನಮ್ಮ ಆಯುಧ ಹೌದು, ಆದರೆ ಒಂದೇ ಆಯುಧ ಅಲ್ಲ. ಪತ್ತೇದಾರಿ, ಚಾರಿತ್ರಿಕ ಕಾದಂಬರಿ, ವಿಜ್ಞಾನ ಕಥೆ, ಪ್ರೇಮಕಥೆ ಯಾರಪ್ಪನ ಜಹಗೀರು? ತೇಜಸ್ವಿಯವರ 'ಕರ್ವಾಲೊ'ದಲ್ಲಿ (1980) ದೊಡ್ಡ ವಿಜ್ಞಾನಿಗೆ ಹಾರುವ ಓತಿಯ ದಾರಿ ತೋರಿಸುವವನು ಹಳ್ಳಿಯ ಮಂದಣ್ಣ. ಆ ಮಂದಣ್ಣನೇ ಪೆನ್ನು ಹಿಡಿದರೆ ಹೇಗಿರುತ್ತೆ, ಹೇಳಿ?

ವಸ್ತು ಎಲ್ಲಿದೆ ಅಂತೀರಾ? ಕುಂಸಿಯಿಂದ ಸಾಗರದ ಬಸ್ಸು ಹತ್ತಿ. 1951ರಲ್ಲಿ ಕಾಗೋಡಿನ ಗೇಣಿದಾರರು ಧಣಿಗಳ ಕೊಳಗದ ಅಳತೆಯನ್ನು ಪ್ರಶ್ನಿಸಿದರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಇಕ್ಕೇರಿಯ ಅರಸರ ಕಿರೀಟ ಬರೆದದ್ದು ಸಾಕು, ಆ ಕೊಳಗ ಬರೆಯಿರಿ. ಅದು ಚಾರಿತ್ರಿಕ ಕಾದಂಬರಿ.

1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿಯಿತು. ಊರುಗಳು ಮುಳುಗಿದವು, ನಾಡಿಗೆ ದೀಪ ಹತ್ತಿತು. ಮುಳುಗಿದವರಲ್ಲಿ ಎಷ್ಟೋ ಮಂದಿ ನಮ್ಮ ಜಿಲ್ಲೆಯ ಕಾಡಂಚುಗಳಿಗೆ ಬಂದು ಗುಡಿಸಲು ಹಾಕಿದರು. ಆರು ದಶಕ ಕಳೆದರೂ ಹಕ್ಕುಪತ್ರಕ್ಕೆ ಹೋರಾಟ ಮುಗಿದಿಲ್ಲ. ಆ ಕಡತ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತು, ಯಾರು ಅದರ ಮೇಲೆ ಕೂತರು? ಇದಕ್ಕಿಂತ ಒಳ್ಳೆ ಪತ್ತೇದಾರಿ ಕಥೆ ಬೇಕೇನ್ರೀ?

ಇನ್ನು ಕುಂಸಿಯೇ ಇದೆ, ಮ್ಯಾಂಗನೀಸ್ ಅಗೆದ ನೆಲ. ಮ್ಯಾಂಗನೀಸ್ ಧೂಳು ವರ್ಷಗಟ್ಟಲೆ ಉಸಿರಿಗೆ ಹೋದರೆ ನರಗಳಿಗೆ ಕುತ್ತು. ಕೈ ನಡುಗುತ್ತದೆ, ನಡಿಗೆ ತಪ್ಪುತ್ತದೆ. ಇದನ್ನು ಗಾಳಿ ಸೋಕಿದ್ದು ಅಂತ ಬರೆದರೆ ಮಾಟದ ಕಥೆ. ಗಣಿಯೊಳಗೆ ಇಳಿದು ಕಾರಣ ಹುಡುಕಿದರೆ ವಿಜ್ಞಾನ ಕಥೆ. ಮೊದಲನೆಯದು ಧಣಿಯನ್ನು ಉಳಿಸುತ್ತದೆ, ಎರಡನೆಯದು ಕೂಲಿಯವನನ್ನು.

ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ದುಡಿದವರು ನಾಡಿಗೆಲ್ಲ ಕಾಗದ ಕೊಟ್ಟರು. ಅದರ ಮೇಲೆ ಅಚ್ಚಾದ ಕಥೆಗಳಲ್ಲಿ ಅವರ ಬದುಕು ಎಷ್ಟು ಬಂತು? ಕಾರ್ಖಾನೆ ಈಗ ನಿಂತಿದೆ. ಬಿ. ಕೃಷ್ಣಪ್ಪನವರು ಪಾಠ ಹೇಳುತ್ತಾ ದಲಿತ ಸಂಘರ್ಷ ಸಮಿತಿ ಕಟ್ಟಿದ ಊರೂ ಅದೇ ಭದ್ರಾವತಿ.

ಮೇಷ್ಟ್ರುಗಳೇ, ನಾಳೆ ತರಗತಿಯಲ್ಲಿ "ಒಂದಾನೊಂದು ಊರಲ್ಲಿ ಒಬ್ಬ ರಾಜ" ಅಂತ ಶುರು ಮಾಡಬೇಡಿ. "ನಿಮ್ಮೂರಲ್ಲಿ ಯಾರ ಜಮೀನು ಯಾರ ಹೆಸರಿಗೆ ಹೋಯಿತು, ಹೇಗೆ ಹೋಯಿತು, ಕಥೆ ಮಾಡ್ಕೊಂಡು ಬನ್ನಿ" ಅನ್ನಿ. ಬಂದ ಕಥೆಗಳನ್ನು ನಮಗೆ ಕಳಿಸಿ. ಅಚ್ಚು ಹಾಕುವ ಹೊಣೆ ನಮ್ಮದು.