ಫ್ಲೆಕ್ಸ್ ಬೇಡ, ಮಗುವಿನ ಕೈಬರಹ ಸಾಕು

ಹೋದ ವರ್ಷ ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನದ ವರದಿಗೆ ನಾವು ಹೋಗಿದ್ದೆವು. ಗೋಡೆಯುದ್ದಕ್ಕೂ ಬಣ್ಣಬಣ್ಣದ ಫ್ಲೆಕ್ಸ್. ಒಂದರ ಮೇಲೆ 'ಪ್ಲಾಸ್ಟಿಕ್ ಮುಕ್ತ ಪರಿಸರ' ಎಂದು ದೊಡ್ಡದಾಗಿ ಅಚ್ಚಾಗಿತ್ತು! ಫ್ಲೆಕ್ಸ್ ಕೂಡ ಪ್ಲಾಸ್ಟಿಕ್ಕೇ. ನಮ್ಮ ರಾಜ್ಯದಲ್ಲಿ 2016ರಲ್ಲೇ ಅದಕ್ಕೆ ನಿಷೇಧ ಬಂದಿದೆ.

ಮೂಲೆಯ ಮೇಜಿನ ಹತ್ತಿರ ಏಳನೇ ತರಗತಿಯ ಹುಡುಗಿ ನಿಂತಿದ್ದಳು. ಅವಳ ಹಿಂದೆ ಇಂಟರ್‌ನೆಟ್‌ನಿಂದ ತೆಗೆದ ಮಳೆನೀರು ಕೊಯ್ಲಿನ ಚಿತ್ರ. "ನೀನು ಏನು ಮಾಡಿದೆಯಮ್ಮ?" ಅಂತ ಕೇಳಿದೆವು. ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ಊರಿನ ನೀರಿನ ಟ್ಯಾಂಕಿನ ನಲ್ಲಿ ಸೋರುತ್ತಿತ್ತಂತೆ. ಅದರ ಕೆಳಗೆ ಲೀಟರ್ ಡಬ್ಬಿ ಇಟ್ಟು ಮೂರು ದಿನ ಅಳೆದಿದ್ದಳು. 20 ನಿಮಿಷಕ್ಕೆ 1 ಲೀಟರ್. ಗಂಟೆಗೆ 3, ದಿನಕ್ಕೆ 72 ಲೀಟರ್.

ಇದು ವಿಜ್ಞಾನ. ಆದರೆ ಇದು ಬೋರ್ಡಿನ ಮೇಲೆ ಇರಲೇ ಇಲ್ಲ. ತೀರ್ಪುಗಾರರು ಫ್ಲೆಕ್ಸ್ ನೋಡಿ ಮುಂದೆ ಹೋದರು.

ಬೋರ್ಡ್ ಅಂಗಡಿಯಲ್ಲಿ ಅಲ್ಲ, ಮಗುವಿನ ಕೈಯಲ್ಲೇ ತಯಾರಾಗಬೇಕು ಅನ್ನುವುದು ನಮ್ಮ ಮಾತು. ಇನ್‌ಸ್ಪೈರ್-ಮಾನಕ್ ಪ್ರಶಸ್ತಿಗೆ ಆಯ್ಕೆಯಾದ ಮಗುವಿಗೆ ಕೇಂದ್ರ ಸರ್ಕಾರ 10,000 ರೂಪಾಯಿ ಕೊಡುತ್ತದೆ. ಉಳಿದ ಮಕ್ಕಳ ಖರ್ಚು ಹೆಚ್ಚಾಗಿ ಮನೆಯವರ ಮೇಲೇ ಬೀಳುತ್ತದೆ. ಫ್ಲೆಕ್ಸ್ ಮಾಡಿಸಲೇಬೇಕು ಅಂದರೆ ಕೂಲಿ ಮಾಡುವವರ ಮಗು "ನಾನು ಬರಲ್ಲ ಸಾರ್" ಅಂತ ಹಿಂದೆ ಸರಿಯುತ್ತದೆ.

ಕೈಯಲ್ಲೇ ಮಾಡುವುದು ಕಷ್ಟವಲ್ಲ. ಕಿರಾಣಿ ಅಂಗಡಿಯಿಂದ ದೊಡ್ಡ ರಟ್ಟಿನ ಪೆಟ್ಟಿಗೆ ತನ್ನಿ. ಬಿಡಿಸಿ ಮೂರು ಮಡಿಕೆ ಮಾಡಿದರೆ ತಾನೇ ನಿಲ್ಲುತ್ತದೆ. ಮೇಲೆ ಬಿಳಿ ಹಾಳೆ ಅಂಟಿಸಿ. ಎಡಗಡೆ ಪ್ರಶ್ನೆ ಮತ್ತು ಮೊದಲ ಊಹೆ. ನಡುವೆ ಮಾಡಿದ ಪ್ರಯೋಗ, ಅಳತೆಯ ಪಟ್ಟಿ, ಮಗುವೇ ಬಿಡಿಸಿದ ಚಿತ್ರ. ಬಲಗಡೆ ಗೊತ್ತಾದದ್ದು, ಜೊತೆಗೆ ತಪ್ಪಿದ್ದು ಎಲ್ಲಿ ಎಂಬುದು. ಶೀರ್ಷಿಕೆಯ ಅಕ್ಷರ ಎರಡು ಇಂಚು ಇರಲಿ, ದೂರದಿಂದಲೂ ಕಾಣುತ್ತದೆ. ಮೊದಲು ಪೆನ್ಸಿಲ್‌ನಲ್ಲಿ ಬರೆದು ಆಮೇಲೆ ಸ್ಕೆಚ್ ಪೆನ್ ಹಿಡಿಯಲಿ. ಭಾಷೆ ಕನ್ನಡವೇ ಇರಲಿ. ತಾನು ಬರೆದದ್ದನ್ನು ವಿವರಿಸುವಾಗ ಮಗು ತಡವರಿಸುವುದಿಲ್ಲ.

"ಚೆಂದ ಕಾಣದಿದ್ದರೆ ಬಹುಮಾನ ಬರಲ್ಲ" ಅಂತ ಕೆಲವು ಮೇಷ್ಟ್ರು ನಮಗೇ ಹೇಳಿದ್ದಾರೆ. ಅವರ ಮಾತು ಸುಳ್ಳಲ್ಲ. ಅದಕ್ಕೇ ತೀರ್ಪುಗಾರರಲ್ಲಿ ಒಂದು ವಿನಂತಿ: ಬೋರ್ಡ್ ನೋಡುವ ಮೊದಲು ಮಗುವಿನ ನೋಟ್‌ಬುಕ್ ಕೇಳಿ. ಅಪ್ಪ ಅಮ್ಮಂದಿರೇ, ರಟ್ಟು ಕತ್ತರಿಸಿ ಕೊಡಿ, ಬರೆಯುವುದನ್ನು ಮಗುವಿಗೇ ಬಿಡಿ. ಅಕ್ಷರ ಸೊಟ್ಟಗಾದರೂ ಪರವಾಗಿಲ್ಲ.

ಪ್ರದರ್ಶನ ಮುಗಿದ ಮೇಲೆ ಆ ಬೋರ್ಡನ್ನು ಅಟ್ಟಕ್ಕೆ ಹಾಕಬೇಡಿ. ನಾಲ್ಕು ದಿನ ಗ್ರಾಮ ಪಂಚಾಯಿತಿ ಬಾಗಿಲಲ್ಲಿ ನಿಲ್ಲಿಸಿ. ದಿನಕ್ಕೆ 72 ಲೀಟರ್ ಪೋಲು ಅಂತ ಊರಿನ ಮಗುವೇ ಬರೆದದ್ದನ್ನು ಓದಿದ ಮೇಲಾದರೂ ಆ ನಲ್ಲಿಗೆ ಯಾರಾದರೂ ವಾಷರ್ ಹಾಕಿಸಿಯಾರು.